ಥರ್ಮಾಮೀಟರಿಗೆ ಒದ್ದೆ ಗೋಣಿ

ಬಿಸಿಲನ್ನು ಅಳೆಯುವುದು ನೆರಳಿನಲ್ಲಿ. ಇದು ನಿಮಗೆ ಗೊತ್ತಿರಬೇಕಿತ್ತು. ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ, ನೀವು ಕಿಟಕಿಯಾಚೆ ನೋಡುತ್ತಿದ್ದಿರಿ. “ಇವತ್ತು ಮೂವತ್ತೊಂಬತ್ತು ಡಿಗ್ರಿ” ಎಂದು ಸುದ್ದಿಯಲ್ಲಿ ಹೇಳುತ್ತಾರಲ್ಲ, ಅದು ನಿಮ್ಮ ನೆತ್ತಿ ಸುಡುವ ಬಿಸಿಲಲ್ಲ. ರಸ್ತೆಗೆ ಡಾಂಬರು ಹಾಕುವವಳ ಅಂಗಾಲಿನ ಕೆಳಗಿನ ಕಾವಂತೂ ಅಲ್ಲವೇ ಅಲ್ಲ. ಹವಾಮಾನ ಕಚೇರಿಯ ಅಂಗಳದಲ್ಲಿ, ಹಸಿರು ಹುಲ್ಲಿನ ನಡುವೆ, ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಂದರ ಒಳಗಿನ ಸೆಕೆ ಅದು. ಗಾಳಿ ಬರಲಿ, ಬಿಸಿಲು ಬಾರದಿರಲಿ ಎಂದು ಆ ಪೆಟ್ಟಿಗೆಗೆ ಸುತ್ತಲೂ ಓರೆ ಪಟ್ಟಿಗಳ ಗೋಡೆ. ಬಾಗಿಲು ಬಿಸಿಲು ಬೀಳದ ದಿಕ್ಕಿಗೆ. ಇಷ್ಟು ಮುತುವರ್ಜಿಯಿಂದ ಕಟ್ಟಿಸಿಕೊಟ್ಟ ಮನೆ ಆ ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಅಳತೆ ಹಾಗೆಯೇ ಆಗಬೇಕಂತೆ. ಎಲ್ಲ ಊರಿನ ಪೆಟ್ಟಿಗೆಗಳೂ ಒಂದೇ ರೀತಿ ನೆರಳಲ್ಲಿ ನಿಂತರೆ ಮಾತ್ರ ಒಂದಕ್ಕೊಂದು ಹೋಲಿಸಿ ನೋಡಬಹುದಂತೆ. ಸರಿ, ಒಪ್ಪೋಣ. ಆದರೆ ಪೆಟ್ಟಿಗೆ ನಲವತ್ತು ದಾಟಿತೆಂದು ಕಚೇರಿ ಸಾರಿದರೆ ಮಾತ್ರ ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಿಡುವು, ದಾಟದಿದ್ದರೆ ಇಲ್ಲ ಎಂಬ ನಿಯಮವನ್ನು ಬರೆದವರು ಯಾರು? ಫ್ಯಾನಿನ ಕೆಳಗೆ ಕೂತೇ ಬರೆದಿರಬೇಕು. ಕಾಗದ ಹಾರಿಹೋಗದಂತೆ ಮೇಲೊಂದು ಗುಂಡುಕಲ್ಲು ಇಟ್ಟುಕೊಂಡು.

ಈ ಕಥೆ ಆ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವನದು. ಅವನು ಹವಾಮಾನ ಕಚೇರಿಯ ಮಾಲಿ. ಊರಿಗೆಲ್ಲ ಪೈಪಣ್ಣ. ನೀರಿನ ಪೈಪು ಹಿಡಿಯದ ಪೈಪಣ್ಣನನ್ನು ಕಂಡವರಿಲ್ಲ. ನೆಂಟರ ಮದುವೆಗೆ ಹೋಗಿ ಫೋಟೋಗೆ ನಿಂತರೂ ಅವನ ಬಲಗೈ ಹೆಬ್ಬೆರಳು ಪೈಪಿನ ಬಾಯಿ ಒತ್ತಿ ಹಿಡಿದಂತೆ ಮಡಚಿಕೊಂಡೇ ಇರುತ್ತಿತ್ತು. ಖಾಕಿ ಅಂಗಿ, ಜೇಬಿನ ಮೇಲೆ ಇಲಾಖೆಯ ಬಿಲ್ಲೆ, ಕಾಲಿಗೆ ಸದಾ ಕೆಸರು. ಇಡೀ ಊರು ಒಣಗಿ ಕಂದುಬಣ್ಣಕ್ಕೆ ತಿರುಗಿದ ಬೇಸಗೆಯಲ್ಲೂ ಅವನ ಹುಲ್ಲು ಮಾತ್ರ ಈಗ ತಾನೇ ಬಣ್ಣ ಬಳಿದ ಹಾಗೆ ಹೊಳೆಯುತ್ತಿತ್ತು.

ಮಾಲಿ ಎಂದು ಯಾರಾದರೂ ಅಂದರೆ ಅವನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಹವಾಮಾನ ಎಂಬುದು ಕಚೇರಿಯವರೆಲ್ಲ ಸೇರಿ ನಡೆಸುವ ಕಾರುಬಾರು, ಅದರಲ್ಲಿ ತನ್ನದೂ ಒಂದು ಕೈ ಎಂಬುದು ಅವನ ನಂಬಿಕೆ. ಟೀ ಅಂಗಡಿಯಲ್ಲಿ ಕೂತು, “ಈ ವಾರ ಮಳೆ ಬಿಡೋ ಹಾಗಿಲ್ಲಪ್ಪ, ಸ್ವಲ್ಪ ತಡ್ಕೊಳ್ಳಿ. ಮುಂದಿನ ವಾರ ನೋಡೋಣ” ಎನ್ನುತ್ತಿದ್ದ. ಬಿಸಿಲು ಜಾಸ್ತಿಯಾದರೆ ಜನ ಅವನನ್ನೇ ತಡೆದು ನಿಲ್ಲಿಸಿ ಬೈಯುತ್ತಿದ್ದರು. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ದೊಡ್ಡ ಹುದ್ದೆಯಲ್ಲಿ ಇರುವವರು ಬೈಗುಳ ಕೇಳಿಸಿಕೊಳ್ಳಬೇಕಾಗುತ್ತದೆ ಎಂದುಕೊಂಡು ಮುಂದೆ ಹೋಗುತ್ತಿದ್ದ.

ಆ ಬೇಸಗೆಯ ಮೊದಲ ವಾರ ಕಚೇರಿಯ ಸಾಹೇಬರು ಅಂಗಳಕ್ಕೆ ಇಳಿದು ಬಂದರು. ಇಳಿದು ಬಂದದ್ದೇ ದೊಡ್ಡ ಸುದ್ದಿ. ಸಾಹೇಬರು ದಿನವೂ ಉಪಗ್ರಹದ ಚಿತ್ರ ನೋಡಿ, ನಕ್ಷೆ ನೋಡಿ, ಮರುದಿನದ ಮುನ್ನೋಟ ಬರೆಯುವವರು. ಆಕಾಶವನ್ನೇ ನೇರವಾಗಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ಅವರು ಹೇಳಿದರು: “ನೋಡಪ್ಪಾ, ಬೇಸಗೆ ಬಂತು. ಈ ಪೆಟ್ಟಿಗೆ ಒಳಗಿರೋ ಥರ್ಮಾಮೀಟರುಗಳಿಗೆ ಬಿಸಿಲು ತಾಗಬಾರದು. ಒಂಚೂರೂ ತಾಗಬಾರದು. ಜವಾಬ್ದಾರಿ ನಿಂದು.”

ಅವರು ಹೇಳಿದ್ದರ ಅರ್ಥ ಇಷ್ಟೇ: ಪಟ್ಟಿ ಸಡಿಲವಾದರೆ, ಬಣ್ಣ ಎದ್ದರೆ ತಿಳಿಸು. ಅಷ್ಟನ್ನು ಬಿಡಿಸಿ ಹೇಳುವ ಮೊದಲೇ ಅವರ ಹಣೆಯಿಂದ ಬೆವರು ಇಳಿಯಿತು, ಅವರು ಒಳಗೆ ಹೋದರು. ಪೈಪಣ್ಣ ಮಾತ್ರ ಆ ಜವಾಬ್ದಾರಿಯನ್ನು ಎದೆಗೆ ಅಪ್ಪಿಕೊಂಡ. ಮಧ್ಯಾಹ್ನ ಪೆಟ್ಟಿಗೆಯ ತಲೆಯ ಮೇಲೆ ಅಂಗೈ ಇಟ್ಟು ನೋಡಿದ. ಚುರ್ ಎಂದಿತು. ಅವನ ಹೊಟ್ಟೆಯೂ ಚುರ್ ಎಂದಿತು. ಪಾಪ, ಬಾಯಿಲ್ಲದ ಉಪಕರಣಗಳು. ನೀರು ಕೊಡಿ ಎಂದು ಕೇಳಲಾರವು. ಗೊಬ್ಬರ ತುಂಬಿಟ್ಟಿದ್ದ ಗೋಣಿಚೀಲವೊಂದನ್ನು ಕೊಡವಿ, ನೀರಲ್ಲಿ ಅದ್ದಿ, ಪೆಟ್ಟಿಗೆಗೆ ನಾಲ್ಕೂ ಕಡೆ ಇಳಿಬೀಳುವಂತೆ ಹೊದಿಸಿದ. ಒಣಗಿದಂತೆಲ್ಲ ಪೈಪಿನಿಂದ ಇನ್ನೊಂದು ಸುತ್ತು ನೀರು. ಸುತ್ತಲಿನ ಹುಲ್ಲಿಗೂ ಅಷ್ಟೇ ಧಾರಾಳ.

ಇದನ್ನು ಯಾರೂ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡುವವರು ಯಾರು? ಹವಾಮಾನ ಕಚೇರಿಯಿಂದ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ. ಹೊರಗೆ ತುಂಬ ಸೆಕೆ. ಕಿಟಕಿಗಳಿಗೆಲ್ಲ ಪರದೆ. ಪೆಟ್ಟಿಗೆ ತೆರೆದು ಅಳತೆ ಬರೆದುಕೊಳ್ಳುವ ಕೆಲಸ ಅಲ್ಲಿನ ಮೇಡಂ ಒಬ್ಬರದು. ಆಕೆ ಬರುತ್ತಿದ್ದದ್ದು ಬೆಳಿಗ್ಗೆ ಒಮ್ಮೆ, ಸಂಜೆ ಮೋಡ ಕವಿಯುವ ಹೊತ್ತಿಗೆ ಒಮ್ಮೆ. ಒಳಗಿದ್ದ ಥರ್ಮಾಮೀಟರುಗಳಲ್ಲಿ ಒಂದು, ಹಗಲಲ್ಲಿ ಎಲ್ಲಿಯವರೆಗೆ ಏರಿತ್ತೋ ಅಲ್ಲಿಯೇ ಗುರುತು ಉಳಿಸಿಕೊಂಡಿರುತ್ತದೆ. ಮೇಡಂ ಸಂಜೆ ಬಂದು ಅದನ್ನು ನೋಡಿದರೆ ಮುಗಿಯಿತು. ಆಕೆ ಬರುವ ಮುನ್ನ ಪೈಪಣ್ಣ ಗೋಣಿ ತೆಗೆದು ಅಚ್ಚುಕಟ್ಟಾಗಿ ಮಡಚಿಡುತ್ತಿದ್ದ. ಬಚ್ಚಿಡುವ ಉದ್ದೇಶದಿಂದಲ್ಲ. ಅಂಗಳ ಚೆನ್ನಾಗಿ ಕಾಣಬೇಕು, ಅಷ್ಟೇ.

ಹೀಗೆ ಸುತ್ತಮುತ್ತಲ ಊರುಗಳೆಲ್ಲ ನಲವತ್ತಮೂರು, ನಲವತ್ತನಾಲ್ಕು ಎಂದು ಬಾಯಿ ಬಾಯಿ ಬಿಡುತ್ತಿರುವಾಗ ಈ ಊರಿನ ಪೆಟ್ಟಿಗೆ ಮೂವತ್ತೆಂಟರಲ್ಲಿ ಹಾಯಾಗಿ ಕೂತಿತು.

ಸಾಹೇಬರು ಮೊದಲ ದಿನ ತಲೆ ಕೆರೆದುಕೊಂಡರು. ಎರಡನೆಯ ದಿನ ನಕ್ಷೆಯನ್ನು ತಿರುಗಿಸಿ ನೋಡಿದರು. ಮೂರನೆಯ ದಿನ ಅವರಿಗೆ ಒಂದು ಸಿದ್ಧಾಂತ ಹೊಳೆಯಿತು. ಮುಂಗಾರಿನ ತೇವದ ಗಾಳಿ ಕಡಲಿನಿಂದ ಮೇಲೆದ್ದು ಬರುತ್ತಿದೆ, ಅದರ ಒಂದು ಎಳೆ ಮುಂಚಿತವಾಗಿ ಬಂದು ಈ ಊರಿನ ಮೇಲೆ ನಿಂತುಬಿಟ್ಟಿದೆ, ಬಿಸಿಗಾಳಿ ಊರಿನ ಆಚೆ ಈಚೆ ಹಾದು ಹೋಗುತ್ತಿದೆ. ಅದಕ್ಕೆ ಅವರು ‘ತಂಪಿನ ತೊಟ್ಟಿಲು’ ಎಂದು ಹೆಸರಿಟ್ಟರು. ತೊಟ್ಟಿಲಿನ ಬಗ್ಗೆ ಒಂದು ದೊಡ್ಡ ಪ್ರಬಂಧಕ್ಕೂ ಕೈ ಹಾಕಿದರು. ಕಿಟಕಿಯ ಪರದೆ ಸರಿಸಿ ಒಮ್ಮೆ ಹೊರಗೆ ನೋಡಿದ್ದರೆ ತೊಟ್ಟಿಲಿನಿಂದ ನೀರು ತೊಟ್ಟಿಕ್ಕುವುದು ಕಾಣುತ್ತಿತ್ತು.

ಮುನ್ನೋಟವನ್ನು ಮೇಡಂ ತಮ್ಮ ಸಣ್ಣ ದನಿಯಲ್ಲಿ ಓದಿ ಫೋನಿಗೆ ತುಂಬಿಸುತ್ತಿದ್ದರು. ಒಂದು ನಂಬರು ಒತ್ತಿದರೆ ಯಾರು ಬೇಕಾದರೂ ಕೇಳಬಹುದು. “ಸುತ್ತಲಿನ ಪ್ರದೇಶಗಳಲ್ಲಿ ಬಿಸಿಗಾಳಿ ಮುಂದುವರಿಯಲಿದೆ. ನಗರದಲ್ಲಿ ಮಾತ್ರ ತಾಪಮಾನ ಸಾಧಾರಣ. ಸಂಜೆಯ ವೇಳೆಗೆ ಅಲ್ಲಲ್ಲಿ ಗುಡುಗು, ಬಿರುಗಾಳಿ ಸಹಿತ ಮಳೆ.” ಪತ್ರಿಕೆಗಳು ತೊಟ್ಟಿಲಿನ ಸುದ್ದಿ ಹಾಕಿದವು. ಸೈಟು ಮಾರುವವನೊಬ್ಬ “ತಂಪಿನ ತೊಟ್ಟಿಲಲ್ಲಿ ನಿಮ್ಮದೊಂದು ಮನೆ” ಎಂದು ಬೋರ್ಡು ನೆಟ್ಟ; ನೆಟ್ಟವನಿಗೆ ಅದರ ಕೆಳಗೇ ತಲೆ ಸುತ್ತು ಬಂತು.

ಊರಿನ ಜನರ ಸ್ಥಿತಿ ಕೇಳಬೇಡಿ. ಬೆವರಿನಲ್ಲಿ ಮುಳುಗಿ ಏಳುತ್ತಿದ್ದರೂ ಬಾಯಿ ಬಿಟ್ಟು ಸೆಕೆ ಎನ್ನಲು ನಾಚಿಕೆ. ಕಚೇರಿ ಸಾಧಾರಣ ಎಂದಿದೆ, ಪತ್ರಿಕೆ ತಂಪು ಎಂದಿದೆ, ತನಗೊಬ್ಬನಿಗೇ ಏನೋ ಆಗಿರಬೇಕು. ಡಾಕ್ಟರ ಬಳಿ ಸಾಲು ಹತ್ತಿತು. “ಏನಾಗತ್ತೆ?” “ಮೈ ಎಲ್ಲ ಬೆವರತ್ತೆ ಡಾಕ್ಟ್ರೇ.” ಡಾಕ್ಟರು ತಮ್ಮ ಮುಖ ಒರೆಸಿಕೊಂಡು, “ಯಾವಾಗಿಂದ?” ಎಂದು ಗಂಭೀರವಾಗಿ ಕೇಳುತ್ತಿದ್ದರು. ಓದಿದವರು ಹೇಳಿದ ಮೇಲೆ ಸ್ವಂತ ಚರ್ಮವನ್ನೂ ನಂಬದಿರುವ ಜನ ನಾವು.

ಚರ್ಮವನ್ನು ನಂಬದಿರಲು ಆಗದವಳು ಒಬ್ಬಳಿದ್ದಳು. ಪೈಪಣ್ಣನ ಹೆಂಡತಿ. ಆಕೆ ಡಾಂಬರು ಹಾಕುವ ಹೆಂಗಸರ ತಂಡದಲ್ಲಿ ಇದ್ದಳು. ಮಳೆ ಹಿಡಿಯುವುದರೊಳಗೆ ಒಂದು ರಸ್ತೆ ಮುಗಿಯಬೇಕಿತ್ತು. ಸಂಜೆಯಾದರೆ ಗುಡುಗು, ಗಾಳಿ. ಒದ್ದೆ ನೆಲಕ್ಕೆ ಡಾಂಬರು ಹಿಡಿಯುವುದಿಲ್ಲ. ಹಾಗಾಗಿ ಮಧ್ಯಾಹ್ನದ ಸುಡುಬಿಸಿಲೇ ಅವರ ಮೇಸ್ತ್ರಿಗೆ ಪ್ರಶಸ್ತವಾದ ಕಾಲ. ಕಾದ ಜಲ್ಲಿ-ಡಾಂಬರನ್ನು ಬಾಂಡ್ಲಿಯಲ್ಲಿ ಹೊತ್ತು ತಂದು ಸುರಿಯುವುದು, ಹರಡುವುದು, ಮತ್ತೆ ಹೋಗುವುದು. ಕಾಲಿಗೆ ಹಳೇ ಟೈರಿನ ಚಪ್ಪಲಿ, ಅದರ ಮೇಲೆ ಬಟ್ಟೆಯ ಸುತ್ತು.

ಹನ್ನೆರಡು ಹೊಡೆಯುತ್ತಿದ್ದಂತೆ ಹೆಂಗಸರು ಬಾಂಡ್ಲಿ ಇಳಿಸಿ ಮೇಸ್ತ್ರಿಯ ಮುಖ ನೋಡುತ್ತಿದ್ದರು. ಮೇಸ್ತ್ರಿ ಫೋನಿನ ನಂಬರು ಒತ್ತಿ, ದನಿ ಜೋರು ಮಾಡಿ, ಎತ್ತಿ ಹಿಡಿಯುತ್ತಿದ್ದ. “...ತಾಪಮಾನ ಸಾಧಾರಣ” ಎಂದು ಮೇಡಂ ದನಿ ಬರುತ್ತಿತ್ತು.

“ಕೇಳಿಸ್ಕೊಂಡ್ರಾ? ನಲವತ್ತು ಆಗಿಲ್ಲ. ತೊಟ್ಟಿಲಲ್ಲಿದ್ದೀರಿ ನೀವು. ನಿದ್ದೆ ಬಂದ್ಬಿಡತ್ತೆ, ಏಳಿ ಏಳಿ.”

ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಒಮ್ಮೆ ಕೇಳಿದಳು: “ಮೇಸ್ತ್ರಿ, ಆ ಫೋನನ್ನ ಒಂದು ಗಳಿಗೆ ಈ ಡಾಂಬರಿನ ಮೇಲೆ ಇಡಿ. ಆಮೇಲೂ ಸಾಧಾರಣ ಅಂತ ಹೇಳಿದ್ರೆ ನಾನು ರಾತ್ರೀನೂ ದುಡೀತೀನಿ.”

ಮೇಸ್ತ್ರಿ ಫೋನನ್ನು ಜೇಬಿಗೆ ಹಾಕಿಕೊಂಡ. ಅವನ ತಲೆಯ ಮೇಲೆ ಛತ್ರಿ ಇತ್ತು.

ಸಂಜೆ ಮನೆಯಲ್ಲಿ ಯುದ್ಧ. ಹೊರಗೆ ಗುಡುಗು, ತಗಡಿನ ಮೇಲೆ ಮಳೆಯ ಸದ್ದು, ಒಳಗೆ ಹೆಂಡತಿ.

“ನಿಮ್ಮ ಆಫೀಸಿಗೆ ಬೆಂಕಿ ಬೀಳ. ಬಿದ್ರೂ ನಿಮ್ಮ ಪೆಟ್ಟಿಗೆ ಮೂವತ್ತೆಂಟು ಅಂತಾನೇ ಅನ್ನತ್ತೆ ಬಿಡಿ.”

“ಪೆಟ್ಟಿಗೆ ಸುಳ್ಳು ಹೇಳಲ್ಲ ಕಣೇ. ನಿಂಗೆ ಒಲೆ ಮುಂದೆ ಕೂತು ಮೈ ಕಾದಿದೆ.”

“ಒಲೆ ಮುಂದೆ ಕೂರೋಕೆ ನಾನೇನು ಮನೇಲಿರ್ತೀನಾ? ಒಲೆ ಒಳಗೇ ಇರ್ತೀನಿ, ಬೆಳಿಗ್ಗೆಯಿಂದ ಸಂಜೆ ತನಕ.”

“ಹಾಗಲ್ಲ, ತೊಟ್ಟಿಲು ಅಂದ್ರೆ ಏನಪ್ಪಾ ಅಂದ್ರೆ, ಕಡಲಿಂದ ಒಂದು ಎಳೆ ಬಂದು...”

“ರೀ, ಆ ಎಳೆ ನಮ್ಮ ರಸ್ತೆ ಕಡೆ ಯಾಕೆ ಬರಲ್ಲ? ಅದಕ್ಕೂ ಡಾಂಬರಿನ ವಾಸನೆ ಆಗಲ್ವಾ?”

ಪೈಪಣ್ಣ ಮಾತು ತಿರುಗಿಸುತ್ತಿದ್ದ. ಆದರೂ ಕಚೇರಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಸಾಹೇಬರು ಬರೆದದ್ದು, ಮೇಡಂ ಓದಿದ್ದು, ಪೆಟ್ಟಿಗೆ ಹೇಳಿದ್ದು ಸುಳ್ಳಾದರೆ ಅವನ ಬಿಲ್ಲೆಯೂ ಸುಳ್ಳಾಗುತ್ತಿತ್ತು.

ಒಂದು ಸಂಜೆ ಅವಳು ಬಂದವಳೇ ಮಾತಿಲ್ಲದೆ ಮೂಲೆಯಲ್ಲಿ ಕೂತಳು. ಬೈಗುಳ ಶುರುವಾಗಲಿ ಎಂದು ಅವನು ಕಾದ. ಆಗಲಿಲ್ಲ. ಅವನಿಗೆ ದಿಗಿಲಾಯಿತು. ಈ ಹೆಂಗಸಿನ ಗುಡುಗಿಗೆ ಅವನು ಹೆದರಿದವನಲ್ಲ, ಮೌನ ಮಾತ್ರ ಅಭ್ಯಾಸವಿರಲಿಲ್ಲ.

“ದೊಡ್ಡಕ್ಕ ಬಿದ್ಬಿಟ್ಳು,” ಎಂದಳು ಕೊನೆಗೆ. “ಬಾಂಡ್ಲಿ ಸಮೇತ. ಪುಣ್ಯ, ಡಾಂಬರು ಪಕ್ಕಕ್ಕೆ ಚೆಲ್ತು. ಕಣ್ಣು ಮೇಲಕ್ಕೆ ಹೋಗಿತ್ತು. ಮೇಸ್ತ್ರಿ ಅವಳ ಮುಖಕ್ಕೆ ನೀರು ಚಿಮುಕಿಸಿ, ‘ಬೆಳಿಗ್ಗೆ ತಿಂಡಿ ತಿಂದಿಲ್ಲ ಅನ್ಸತ್ತೆ’ ಅಂದ. ನಾಳೆ ಮತ್ತೆ ಬರ್ತಾಳಂತೆ. ಬರದೇ ಇದ್ರೆ ಹೊಟ್ಟೆಗೆ?”

ಸಮಾಧಾನ ಮಾಡಲು ಪೈಪಣ್ಣನಿಗೆ ಗೊತ್ತಿದ್ದ ವಿದ್ಯೆಯೆಂದರೆ ಕಚೇರಿಯ ವಿಷಯ ಮಾತಾಡುವುದೊಂದೇ. “ಬಿಸಿಲು ಜಾಸ್ತಿನೇ ಇದೆ ಕಣೇ, ನಾನೇನು ಇಲ್ಲ ಅಂತೀನಾ? ಮಧ್ಯಾಹ್ನ ಪೆಟ್ಟಿಗೆ ತಲೆ ಮುಟ್ಟೋಕಾಗಲ್ಲ. ಪಾಪ ಅನ್ಸತ್ತೆ. ನಾನು ನೋಡ್ಕೋತಿರೋದಕ್ಕೆ ಸರಿಹೋಯ್ತು. ದಿನಾ ಒದ್ದೆ ಗೋಣಿ ಹೊದಿಸಿ, ನೀರು ಬಿಡ್ತಾ ಇರ್ತೀನಿ. ಇಲ್ದಿದ್ರೆ ಆ ಥರ್ಮಾಮೀಟರುಗಳ ಗತಿ ಏನಾಗ್ತಿತ್ತು.”

ಹೆಂಡತಿ ನಿಧಾನವಾಗಿ ತಲೆ ಎತ್ತಿದಳು.

“ಏನು ಹೊದಿಸ್ತೀರಿ?”

“ಗೋಣಿ.”

“ಒದ್ದೆ ಗೋಣಿ.”

“ಹೂಂ. ಒಣ ಗೋಣಿ ಹೊದಿಸಿದ್ರೆ ಇನ್ನೂ ಸೆಕೆ ಆಗಲ್ವಾ?”

“ಸೆಕೆ ಎಷ್ಟಿದೆ ಅಂತ ಹೇಳೋ ಪೆಟ್ಟಿಗೆಗೆ.”

“ಅದಕ್ಕೇ,” ಎಂದ ಪೈಪಣ್ಣ. ತೆರೆದ ಬಾಯಿ ತೆರೆದ ಹಾಗೇ ಉಳಿಯಿತು. ಅವನ ತಲೆಯೊಳಗೆ ಏನೋ ನಿಧಾನಕ್ಕೆ ಹೊರಳಿತು, ತುಕ್ಕು ಹಿಡಿದ ನಲ್ಲಿ ತಿರುಗಿದ ಹಾಗೆ. ಮುಖದ ಬಣ್ಣ ಇಳಿಯಿತು.

ಹೆಂಡತಿಗೆ ಮೊದಲು ಬಂದದ್ದು ನಗು. ಗೋಡೆ ಹಿಡಿದು ನಕ್ಕಳು, ಕೂತು ನಕ್ಕಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. “ಪೆಟ್ಟಿಗೆಗೆ ಗೋಣಿ, ಹೆಂಡತಿಗೆ ಡಾಂಬರು. ಅಯ್ಯೋ ನನ್ನ ಕರ್ಮವೇ. ಕಡಲಿಂದ ಬಂದ ಎಳೆ ನನ್ನ ಗಂಡನ ಪೈಪಿಂದ ಬಂದಿದ್ದಾ?” ನಗು ನಿಂತ ಮೇಲೆ ಅವಳ ದನಿಯೇ ಬೇರೆ. “ನಾಳೆ ಹೋಗಿ ಸಾಹೇಬರಿಗೆ ಹೇಳ್ಬೇಕು.”

“ಕೆಲಸ ಹೋದ್ರೆ?”

“ದೊಡ್ಡಕ್ಕ ಹೋದ್ರೆ?”



ಮರುದಿನ ಬೆಳಿಗ್ಗೆ ಸಾಹೇಬರು ಹೊಸ ಅಂಗಿಯಲ್ಲಿದ್ದರು. ತಂಪಿನ ತೊಟ್ಟಿಲನ್ನು ಕಣ್ಣಾರೆ ನೋಡಲು ಮೇಲಿನ ಕಚೇರಿಯ ದೊಡ್ಡ ಸಾಹೇಬರು ಅವತ್ತೇ ಸಂಜೆ ಬರುವವರಿದ್ದರು. ಪೈಪಣ್ಣ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ.

ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಯಾಯಿತು, ಕೊನೆಗೆ ಅಂಗಳದ ಹುಲ್ಲಿನ ಬಣ್ಣಕ್ಕೆ ಬಂತು. ಎದ್ದು ಬಾಗಿಲು ಹಾಕಿದರು.

“ಯಾವತ್ತಿಂದ?”

“ತಾವು ಹೇಳಿದ ದಿನದಿಂದ ಸಾರ್.”

“ನಾನು ಹೇಳಿದ್ನಾ?”

“ಒಂಚೂರೂ ಬಿಸಿಲು ತಾಗಬಾರದು ಅಂದ್ರಿ.”

ಸಾಹೇಬರು ಕುರ್ಚಿಯಲ್ಲಿ ಕುಸಿದರು. ಸ್ವಲ್ಪ ಹೊತ್ತು ಫ್ಯಾನು ನೋಡಿದರು. “ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ?”

“ಮನೆಯವಳಿಗೆ ಗೊತ್ತು ಸಾರ್.”

“ಅವಳು ಯಾರಿಗಾದ್ರೂ ಹೇಳ್ತಾಳಾ?”

ಪೈಪಣ್ಣ ಪ್ರಾಮಾಣಿಕ ಮನುಷ್ಯ. ಉತ್ತರಿಸಲಿಲ್ಲ.

“ನೋಡಪ್ಪಾ,” ಸಾಹೇಬರು ದನಿ ತಗ್ಗಿಸಿದರು. “ಇವತ್ತು ಗೋಣಿ ತೆಗೆದ್ರೆ ಒಂದೇ ದಿನಕ್ಕೆ ಆರು ಡಿಗ್ರಿ ಏರಿಬಿಡತ್ತೆ. ಹವಾಮಾನ ಹಾಗೆಲ್ಲ ನಡ್ಕೊಳ್ಳಲ್ಲ. ಅದಕ್ಕೊಂದು ಮರ್ಯಾದೆ ಇದೆ. ನಿಧಾನಕ್ಕೆ ಸರಿ ಮಾಡೋಣ. ಇವತ್ತು ಒದ್ದೆ ಗೋಣಿ. ನಾಳೆ ಅರೆಬರೆ ಒದ್ದೆ. ನಾಡಿದ್ದು ಒಣಗಿದ್ದು. ಹೀಗೆ ಒಂದು ವಾರದಲ್ಲಿ ನಿಜಕ್ಕೆ ಬಂದುಬಿಡೋಣ.”

“ಅಲ್ಲಿ ತನಕ ರಸ್ತೇಲಿ ಇರೋರು ಸಾರ್?”

“ಯಾವ ರಸ್ತೆ?” ಎಂದರು ಸಾಹೇಬರು. ನಿಜಕ್ಕೂ ಗೊತ್ತಿಲ್ಲದೇ ಕೇಳಿದರು. ಈ ಕಥೆಗೆ ಖಳನಾಯಕ ಬೇಕೆನ್ನುವವರಿಗೆ ನಿರಾಸೆಯಾಗುತ್ತದೆ, ಸಾಹೇಬರು ಕೆಟ್ಟವರಲ್ಲ. ಅವರ ನಕ್ಷೆಯಲ್ಲಿ ಗಾಳಿ ಇತ್ತು, ಮೋಡ ಇತ್ತು, ಒತ್ತಡದ ಗೆರೆಗಳಿದ್ದವು. ಮನುಷ್ಯರನ್ನು ಅದರಲ್ಲಿ ಬರೆಯುವ ಪದ್ಧತಿ ಇರಲಿಲ್ಲ.

ಬಿಸಿಲು ಏರಿತು. ಪೈಪಣ್ಣ ಹೇಳಿದ ಹಾಗೆ ಕೇಳುವ ಆಳು. ಗೋಣಿಯನ್ನು ನೀರಿನಲ್ಲಿ ಅದ್ದಿ ಹೆಗಲ ಮೇಲೆ ಹಾಕಿಕೊಂಡು ಪೆಟ್ಟಿಗೆಯ ಮುಂದೆ ನಿಂತ. ತಣ್ಣನೆಯ ನೀರು ಬೆನ್ನ ಮೇಲೆ ಇಳಿಯಿತು. ಆಹಾ ಎನಿಸಿತು. ಇಷ್ಟು ದಿನ ಪೆಟ್ಟಿಗೆಗೆ ಹೊದಿಸಿದ್ದನೇ ಹೊರತು ಅದು ಮೈಗೆ ಎಷ್ಟು ಹಿತ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಹಿತವೇ ಅವನನ್ನು ಕೆಡಿಸಿತು. ಹೆಂಡತಿಯ ಕಾಲಿಗೆ ಸುತ್ತಿದ ಬಟ್ಟೆ ನೆನಪಾಯಿತು. ಪೆಟ್ಟಿಗೆಯ ಕಡೆ ತಿರುಗಿ, “ನೀನು ಸ್ವಲ್ಪ ತಡ್ಕೋಪ್ಪ” ಎಂದು ಹೇಳಿ, ಗೋಣಿ ಹೊತ್ತವನು ಹಾಗೇ ಗೇಟು ದಾಟಿ ನಡೆದ.

ರಸ್ತೆಯಲ್ಲಿ ಹೊಗೆ. ಹನ್ನೆರಡು ಹೊಡೆದು ಸುಮಾರು ಹೊತ್ತಾಗಿತ್ತು. ಫೋನಿನ ಮೇಡಂ ಸಾಧಾರಣ ಎಂದು ಹೇಳಿಯಾಗಿತ್ತು. ದೊಡ್ಡಕ್ಕ ತಲೆಗೆ ಟವೆಲ್ ಸುತ್ತಿ ಮತ್ತೆ ಬಾಂಡ್ಲಿ ಹೊತ್ತಿದ್ದಳು. ಖಾಕಿ ಅಂಗಿಯೊಂದು ತನ್ನ ಕಡೆ ದಾಪುಗಾಲು ಹಾಕಿ ಬರುವುದನ್ನು ಕಂಡ ಮೇಸ್ತ್ರಿ ಛತ್ರಿ ಮಡಚಿದ. ಅವನು ಬೇರೆ ಊರಿನವನು, ಪೈಪಣ್ಣನ ಗುರುತಿರಲಿಲ್ಲ. ಖಾಕಿ ಕಂಡರೆ ಯಾವ ಇಲಾಖೆ ಎಂದು ಆಮೇಲೆ ಕೇಳುವ, ಮೊದಲು ಬೆನ್ನು ಬಗ್ಗಿಸುವ ಜಾತಿ ಅವನದು.

“ಯಾರು ಸಾರ್ ತಾವು?”

“ಹವಾಮಾನ,” ಎಂದ ಪೈಪಣ್ಣ.

“ಹವಾಮಾನ ಅಂದ್ರೆ?”

“ಕಚೇರಿ. ನಲವತ್ತು ದಾಟಿದೆ. ಬಿಸಿಗಾಳಿ. ನಾಲ್ಕರ ತನಕ ಕೆಲಸ ನಿಲ್ಲಿಸಿ.”

“ಫೋನಲ್ಲಿ ಬಂದಿಲ್ವಲ್ಲ ಸಾರ್. ಈಗ ತಾನೇ ಕೇಳಿದೆ.”

“ಫೋನಿಗೆ ಬರೋಕೆ ಮುಂಚೆ ಅದು ಎಲ್ಲಿಂದ ಬರತ್ತೆ ಅಂದ್ಕೊಂಡಿದ್ದೀರಿ?”

ಮೇಸ್ತ್ರಿಗೆ ಅದು ಸರಿಯೆನಿಸಿತು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. “ಹೆಗಲ ಮೇಲೆ ಗೋಣಿ ಯಾಕೆ ಸಾರ್?”

“ಉಪಕರಣ.”

ಬಾಂಡ್ಲಿ ಹೊತ್ತು ಪಕ್ಕದಲ್ಲೇ ನಿಂತಿದ್ದ ಹೆಂಡತಿ ಗಂಡನ ಮುಖವನ್ನು ಜನ್ಮದಲ್ಲಿ ನೋಡಿಲ್ಲ ಎಂಬಂತೆ ನೋಡಿದಳು. “ದೊಡ್ಡ ಆಫೀಸರು ಕಣ್ರೀ,” ಎಂದಳು ಮೇಸ್ತ್ರಿಗೆ. “ಮುಖ ನೋಡಿದ್ರೇ ಗೊತ್ತಾಗಲ್ವಾ? ಇಂಥೋರಿಗೆ ಎದುರು ಮಾತಾಡ್ಬೇಡಿ, ಮಳೆ ನಿಲ್ಲಿಸಿಬಿಡ್ತಾರೆ.”

ಹೊಗಳಿಕೆ ಪೈಪಣ್ಣನ ತಲೆಗೇರಿತು. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಂದ ಮುನ್ನೋಟ ಹೊರಟಿತ್ತು, ಅರ್ಧಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ. ಎರಡೂ ಕೈ ಹಿಂದೆ ಕಟ್ಟಿ, ಆಕಾಶದ ಕಡೆ ಗಲ್ಲ ಎತ್ತಿ, ಮೇಡಂ ಓದುವ ಧಾಟಿಯಲ್ಲೇ ಮುಂದುವರಿಸಿದ: “ಸಂಜೆಯ ವೇಳೆಗೆ ಅಲ್ಲಲ್ಲಿ ಗುಡುಗು, ಬಿರುಗಾಳಿ ಸಹಿತ ಮಳೆ. ಟಾರ್ಪಾಲು ಬಿಗಿಯಾಗಿ ಕಟ್ಟಿಕೊಳ್ಳತಕ್ಕದ್ದು. ಮೇಸ್ತ್ರಿಗಳು ಛತ್ರಿಯನ್ನು ಹಂಚಿಕೊಳ್ಳತಕ್ಕದ್ದು.”

ಕೆಲಸ ನಿಂತಿತು. ಹೆಂಗಸರು ರಸ್ತೆ ಬದಿಯ ಮರದ ಕೆಳಗೆ ಸಾಲಾಗಿ ಕೂತರು. ಪೈಪಣ್ಣ ಒದ್ದೆ ಗೋಣಿಯನ್ನು ದೊಡ್ಡಕ್ಕನ ತಲೆಗೆ, ಭುಜಕ್ಕೆ ಹೊದಿಸಿದ. ದೊಡ್ಡಕ್ಕ ಕಣ್ಣು ಮುಚ್ಚಿ, “ಗೊಬ್ಬರದ ವಾಸನೆ ಬರತ್ತೆ ಸಾಹೇಬ್ರೆ, ಆದ್ರೂ ಪರವಾಗಿಲ್ಲ” ಎಂದಳು.

“ಮೊದಲು ಪೆಟ್ಟಿಗೆ, ಆಮೇಲೆ ದೊಡ್ಡಕ್ಕ,” ಎಂದು ಹೆಂಡತಿ ಅವನಿಗೆ ಮಾತ್ರ ಕೇಳುವ ಹಾಗೆ ಗೊಣಗಿದಳು. “ನನ್ನ ಸರದಿ ಮಳೆಗಾಲಕ್ಕೆ ಬರತ್ತೇನೋ.” ಗೊಣಗಿದಳೇ ಹೊರತು ಕುಡಿಯುವ ನೀರಿನ ಬಾಟಲಿಯನ್ನು ಮೊದಲು ಅವನ ಕೈಗೇ ಕೊಟ್ಟಳು.

ಅತ್ತ ಕಚೇರಿಯಲ್ಲಿ ಸಂಜೆ, ದೊಡ್ಡ ಸಾಹೇಬರ ಕಣ್ಣೆದುರೇ ಮೇಡಂ ಪೆಟ್ಟಿಗೆ ತೆರೆದು ಓದಿದರು: ನಲವತ್ತನಾಲ್ಕು. ಇನ್ನೊಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಓದಿದರು. ನಲವತ್ತನಾಲ್ಕೇ. ಸಾಹೇಬರು ಒಂದು ಕ್ಷಣ ಅಂಗಳದ ಸುತ್ತ ಗೋಣಿಗಾಗಿ ಕಣ್ಣಾಡಿಸಿದರು. ಆಮೇಲೆ ಅವರ ವಿದ್ಯೆ ಅವರ ಕೈ ಹಿಡಿಯಿತು. “ತೊಟ್ಟಿಲು ಒಡೀತು ಸಾರ್,” ಎಂದರು. “ನಾನು ಅಂದ್ಕೊಂಡಿದ್ದೆ. ಮುಂಗಾರು ಹತ್ತಿರ ಬಂದಾಗ ಹೀಗಾಗತ್ತೆ.” ದೊಡ್ಡ ಸಾಹೇಬರು ತಲೆದೂಗಿದರು. ತೊಟ್ಟಿಲು ಹೇಗಿರುತ್ತದೆ ಎನ್ನುವುದಕ್ಕಿಂತ ಅದು ಹೇಗೆ ಒಡೆಯುತ್ತದೆ ಎಂಬ ಪ್ರಬಂಧ ಇನ್ನೂ ಮುಖ್ಯ ಎಂದರು. ಅಷ್ಟರಲ್ಲಿ ಗಾಳಿ ಎದ್ದು, ಗುಡುಗು ಉರುಳಿ, ಇಬ್ಬರು ಸಾಹೇಬರೂ ಮಳೆಯಲ್ಲಿ ನೆನೆಯುತ್ತ ಒಳಗೆ ಓಡಿದರು. ಛತ್ರಿ ಇಬ್ಬರಲ್ಲಿ ಯಾರೂ ತಂದಿರಲಿಲ್ಲ. ತಮ್ಮದೇ ಮುನ್ನೋಟವನ್ನು ಅವರು ಕೇಳುತ್ತಿರಲಿಲ್ಲ.

ಆ ರಾತ್ರಿಯ ಮುನ್ನೋಟದಲ್ಲಿ ಬಿಸಿಗಾಳಿ ಎಂದು ಬಂತು. ಊರಿನವರೆಲ್ಲ ಒಮ್ಮೆಲೇ ಸೆಕೆ ಎನ್ನತೊಡಗಿದರು. ಡಾಕ್ಟರ ಮುಂದಿನ ಸಾಲು ಕರಗಿತು. ಹೆಂಗಸರಿಗೆ ಮಧ್ಯಾಹ್ನದ ಬಿಡುವು ಸಿಕ್ಕಿತು.

ಪೈಪಣ್ಣನಿಗೆ ಸಿಕ್ಕಿದ್ದು ಮೆಮೋ: ಅಧಿಕಾರವಿಲ್ಲದೆ ಮುನ್ನೋಟ ಹೊರಡಿಸಿದ ಆರೋಪ. ಅವನು ಸಾಹೇಬರ ಮುಂದೆ ನಿಂತು ಕೇಳಿದ: “ನಾನು ಹೇಳಿದ್ದು ತಪ್ಪಾಯ್ತಾ ಸಾರ್?”

“ಸರಿಯಾಯ್ತು. ಅದೇ ತಪ್ಪು,” ಎಂದರು ಸಾಹೇಬರು. “ನಾವು ಹೇಳಿದ್ದು ತಪ್ಪಾದ್ರೆ ಅದಕ್ಕೊಂದು ಕ್ರಮ ಇದೆ. ನೀನು ಹೇಳಿದ್ದು ಸರಿಯಾದ್ರೆ ಯಾವ ಕ್ರಮಾನೂ ಇಲ್ಲ.”

ಪೈಪನ್ನು ಕಿತ್ತುಕೊಂಡು ಅವನನ್ನು ಒಳಗೆ ನೆಲ ಒರೆಸುವ ಕೆಲಸಕ್ಕೆ ಹಾಕಿದರು. ಅಡ್ಡಹೆಸರನ್ನು ಕಿತ್ತುಕೊಳ್ಳಲು ಮಾತ್ರ ಯಾರಿಗೂ ಆಗಲಿಲ್ಲ. “ಒಳಗಡೆ ತಗೊಂಡ್ರು ನನ್ನ,” ಎಂದು ಅವನು ಟೀ ಅಂಗಡಿಯಲ್ಲಿ ಹೇಳಿದ, ಬಡ್ತಿ ಸಿಕ್ಕಿದವನ ಹಾಗೆ.

ಇಲ್ಲಿಗೆ ಮುಗಿದಿದ್ದರೆ ನೀವು ನಕ್ಕು ಪುಟ ಮಡಚಬಹುದಿತ್ತು. ಮುಗಿಯಲಿಲ್ಲ. ಮುಂಗಾರಿನ ಮೋಡ ದಟ್ಟವಾಗುತ್ತ ಬಂತು. ಗಾಳಿಯಲ್ಲಿ ತೇವ ಹೆಚ್ಚಿತು, ಬೆವರು ಆರದೆ ಮೈ ಒಳಗೊಳಗೇ ಬೇಯುವ ಸೆಕೆ. ಪೆಟ್ಟಿಗೆಯ ಮೇಲೆ ಈಗ ಗೋಣಿ ಇಲ್ಲ, ಅದು ಅಪ್ಪಟ ನಿಜವನ್ನೇ ಹೇಳಿತು: ಮೂವತ್ತೊಂಬತ್ತೂವರೆ. ನಲವತ್ತಕ್ಕೆ ಅರ್ಧ ಡಿಗ್ರಿ ಕಡಿಮೆ. ಬಿಡುವು ರದ್ದು.

ಹನ್ನೆರಡು ಹೊಡೆಯಿತು. ಹೆಂಗಸರು ಬಾಂಡ್ಲಿ ಇಳಿಸಿ ಮರದ ಕೆಳಗೆ ಕೂತರು. ಮೇಸ್ತ್ರಿ ಫೋನು ಎತ್ತಿ ಹಿಡಿದ. ಯಾರೂ ಏಳಲಿಲ್ಲ.

“ನಲವತ್ತಾಗಿಲ್ಲ ಕಣಮ್ಮಾ.”

“ನಮಗಾಗಿದೆ,” ಎಂದಳು ಪೈಪಣ್ಣನ ಹೆಂಡತಿ.

ಮೇಸ್ತ್ರಿ ಗದರಿದ, ಗೋಗರೆದ, ಬೇರೆಯವರನ್ನು ಕರೆಸುತ್ತೇನೆ ಎಂದ. ದೊಡ್ಡಕ್ಕ ಕಾಲು ಚಾಚಿ ಇನ್ನಷ್ಟು ಆರಾಮಾಗಿ ಕೂತಳು. ಫೋನು ಹಿಡಿದ ಮೇಸ್ತ್ರಿಯ ಕೈ ಸೋತಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಅವನೂ ಬಂದು ಅದೇ ಮರದ ಕೆಳಗೆ ಕೂರುತ್ತಿದ್ದ. ಅಷ್ಟರಲ್ಲಿ ಎದುರು ಮನೆಯ ಮಹಡಿಯ ಕಿಟಕಿ ತೆರೆಯಿತು. ಬನಿಯನ್ನು ತೊಟ್ಟ ಯಜಮಾನರೊಬ್ಬರು, ಹಿಂದೆ ಫ್ಯಾನು ತಿರುಗುತ್ತಿರುವಂತೆಯೇ, ತಲೆ ಹೊರಗೆ ಹಾಕಿ ಸೌಜನ್ಯದಿಂದಲೇ ಹೇಳಿದರು: “ಮಳೆ ಬರೋದರೊಳಗೆ ನಮ್ಮ ಗೇಟಿನ ತನಕ ಮುಗಿಸಿಬಿಡ್ರಮ್ಮಾ. ಆಮೇಲೆ ಎಷ್ಟು ಬೇಕಾದ್ರೂ ಕೂತ್ಕೊಳ್ಳಿ.”

“ಕೇಳಿದ್ರಾ?” ಎಂದ ಮೇಸ್ತ್ರಿ. ಅವನ ಬೆನ್ನು ನೆಟ್ಟಗಾಯಿತು. “ಸಾರ್ವಜನಿಕರೇ ಕೇಳ್ತಿದ್ದಾರೆ.”

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಪೈಪಣ್ಣನ ಹೆಂಡತಿ ಎಲ್ಲರಿಗಿಂತ ಕೊನೆಗೆ ಎದ್ದಳು. ಕಿಟಕಿ ಮುಚ್ಚಿತು.

ಒಂದೇ ಕಿಟಕಿ, ಒಂದೇ ಮಾತು. ಅಷ್ಟಕ್ಕೆ ಅವರು ಏಳಬೇಕಾಯಿತು. ಅದೇ ಕಿಟಕಿಯಿಂದ “ಕೂತ್ಕೊಳ್ಳಿ ಬಿಡಿ, ನಮಗೇನೂ ಅವಸರ ಇಲ್ಲ” ಎಂಬ ಮಾತು ಬಂದಿದ್ದರೆ ಮೇಸ್ತ್ರಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ನಿಮ್ಮ ಬೀದಿಯಲ್ಲೂ ರಸ್ತೆ ಅಗೆಯುತ್ತಾರೆ, ಚರಂಡಿ ಕಟ್ಟುತ್ತಾರೆ, ಕಂಬ ನೆಡುತ್ತಾರೆ. ನಾಳೆ ಮಧ್ಯಾಹ್ನ ಫೋನಿನಲ್ಲಿ ಡಿಗ್ರಿ ಹುಡುಕಬೇಡಿ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿಯಿರಿ, ನಿಮ್ಮ ಗೇಟು ತೆಗೆಯಿರಿ, ಮೇಸ್ತ್ರಿಯ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿ: ನನ್ನ ರಸ್ತೆಗೆ ಅವಸರವಿಲ್ಲ, ಇವರನ್ನು ನನ್ನ ಗೇಟಿನೊಳಗೆ ನೆರಳಲ್ಲಿ ಕೂರಿಸಿ.